ವಾರ್ನಿಷ್ ಬಳಿದ ಬುಟ್ಟಿ

ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಚಪ್ಪರದ ಜೊತೆಗೇ ಗೋಡೆಯ ಮಾತೂ ಬರುತ್ತದೆ. ಮದುಮಕ್ಕಳು ಹಸೆಗೆ ಕೂರುವ ಕಡೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯಬೇಕು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವ ತನಕ ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಮಣ್ಣು. ಇಷ್ಟೇ ಬಣ್ಣ. ಪುಂಡಿ ನಾರಿನ ಕುಂಚ ಹಿಡಿದು, ಅಳತೆಪಟ್ಟಿ ಇಲ್ಲದೆ, ಹೆಂಗಸರು ಎಳೆಯ ಪಕ್ಕ ಎಳೆ ಎಳೆಯುತ್ತಾ ಹೋಗುತ್ತಾರೆ. ಬಾಯಲ್ಲಿ ಹಾಡು, ಕೈಯಲ್ಲಿ ಎಳೆ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಚೌಕ ಮೂಡಿ, ಚೌಕದೊಳಗೆ ಮದುಮಕ್ಕಳು ಬಂದು ಕೂತಿರುತ್ತಾರೆ.

ನನ್ನ ಸೋದರತ್ತೆ ಊರಿನಲ್ಲಿ ಕೈ ಪಳಗಿದ ಚಿತ್ತಾರಗಿತ್ತಿ. ಯಾರ ಮನೆಯ ಮದುವೆಯಾದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಅತ್ತೆ ಕೆಮ್ಮಣ್ಣು ಕಲಸುವ ಮೊದಲು ಅಂಗೈ ಒದ್ದೆ ಮಾಡಿಕೊಂಡು ಗೋಡೆಗೆ ಒತ್ತುತ್ತಿದ್ದಳು. ಕೈಯ ಗುರುತು ನೋಡನೋಡುತ್ತಲೇ ಇಂಗಿದರೆ ಗೋಡೆ ತಯಾರು. ನೀರು ಹಾಗೇ ನಿಂತರೆ, ಗೋಡೆಯನ್ನು ಇನ್ನೊಮ್ಮೆ ಕೆರೆದು ಸಾರಿಸಬೇಕು. ಚಿಕ್ಕವಳಿದ್ದಾಗ ಅವಳ ಬೆನ್ನಹಿಂದೆ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿದ್ದರಿಂದಲೇ ನನಗೆ ಎಲ್ಲ ಗೊತ್ತು ಅಂದುಕೊಂಡುಬಿಟ್ಟೆ. ಬೆಂಗಳೂರಿನಲ್ಲಿ ಮನೆ ಮಾಡಿ ಅದನ್ನು ಸಿಂಗರಿಸಲು ಹೊರಟಾಗ ನನ್ನ ಕೈಯಲ್ಲಿ ಹಾಳಾದದ್ದಕ್ಕೆಲ್ಲ ಈ ಅಂದುಕೊಂಡದ್ದೇ ಮೂಲ.

ಫ್ಲಾಟಿಗೆ ಬಂದ ಹೊಸತರಲ್ಲಿ ಇಂಟೀರಿಯರ್ ಡಿಸೈನರ್ ಒಬ್ಬರು ಕೊಟ್ಟ ಅಂದಾಜುಪಟ್ಟಿ ನೋಡಿ ನಾನೂ ನನ್ನವರೂ ಮುಖ ಮುಖ ನೋಡಿಕೊಂಡಿದ್ದೆವು. ಮನೆ ಸಾಲದ ಕಂತು ಆಗತಾನೆ ಶುರುವಾಗಿತ್ತು. ಅಂಗಡಿಯಿಂದ ಏನೂ ತರುವುದು ಬೇಡ, ಊರಿನ ಮನೆಯ ಅಟ್ಟದಲ್ಲಿ ಇರುವುದೇ ಸಾಕು, ಗೋಡೆಗೆ ನಮ್ಮ ಚಿತ್ತಾರವೇ ಇರಲಿ ಎಂದು ನಿರ್ಧರಿಸಿದೆ. ಆ ನಿರ್ಧಾರ ಸರಿಯಾಗಿತ್ತು ಎಂದು ಈಗಲೂ ನಂಬಿದ್ದೇನೆ. ಪೇಟೆಯ ಮನೆಗಳಿಗೆ ಹೋದಾಗ ಎಲ್ಲ ಕಡೆ ಅದೇ ಬುದ್ಧನ ತಲೆ, ಅದೇ ಪ್ಲಾಸ್ಟಿಕ್ ಬಿದಿರು, ಯಂತ್ರದಲ್ಲಿ ಮುದ್ರಿಸಿದ ಅದೇ ಕ್ಯಾನ್ವಾಸ್ ನೋಡಿ ನನಗೆ ಬೇಸರವಾಗುತ್ತಿತ್ತು. ಆ ಮನೆಯವರು ಯಾವ ಊರಿನವರು, ಅವರ ಅಜ್ಜಿ ಏನು ಕೆಲಸ ಬಲ್ಲವಳಾಗಿದ್ದಳು ಎಂಬುದರ ಒಂದು ಗುರುತೂ ಅಲ್ಲಿ ಕಾಣುತ್ತಿರಲಿಲ್ಲ.

ಅಪ್ಪ ಒಂದು ಗೂಡ್ಸ್ ಗಾಡಿಯಲ್ಲಿ ಸಾಮಾನು ಹೇರಿಸಿ ಕಳಿಸಿದರು. ಹಲಸಿನ ಮರದ ಮಣೆಗಳು, ಭತ್ತ ಅಳೆಯುವ ಕೊಳಗ, ಚೆನ್ನೆಮಣೆ, ಹಿತ್ತಾಳೆ ಕೊಡಪಾನ, ಅಜ್ಜಿಯ ಮರದ ಪೆಟ್ಟಿಗೆ. ಇವುಗಳಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಪೆಟ್ಟಿಗೆ ನಡುಮನೆಯಲ್ಲಿ ಟೀಪಾಯಿಯಾಯಿತು, ಹೊಟ್ಟೆಯೊಳಗೆ ಕಂಬಳಿ, ಹೊದಿಕೆಗಳನ್ನು ತುಂಬಿದೆವು. ಮಣೆಗಳ ಮೇಲೆ ಹಬ್ಬದ ದಿನ ಕೂತು ಉಂಡೆವು, ಉಳಿದ ದಿನ ಅವು ಗೋಡೆಗೆ ಒರಗಿ ನಿಂತವು. ಚೆನ್ನೆಮಣೆಯನ್ನು ಮಗಳು ಮೊದಲ ವಾರವೇ ತನ್ನದು ಮಾಡಿಕೊಂಡಳು.

ಅಪ್ಪ ಹೇರಿಸದ ಒಂದು ವಸ್ತು ಆ ಗಾಡಿಯಲ್ಲಿತ್ತು. ಅದನ್ನು ನಾನೇ ಅಟ್ಟದಿಂದ ಇಳಿಸಿ, ಯಾರಿಗೂ ಹೇಳದೆ, ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ. ಅದು ಭೂಮಣ್ಣಿ ಬುಟ್ಟಿ.

ಆ ಬುಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಆಶ್ವಯುಜ ಮಾಸದ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ, ಕೆಲವರಿಗೆ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿ, ತೆನೆ ಹೊರಬರುತ್ತಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂದು ರಾತ್ರಿಯೆಲ್ಲ ಅಡುಗೆ ಮಾಡುತ್ತಾರೆ. ಬಗೆಬಗೆಯ ಸೊಪ್ಪು ಹೆರಕಿ ತಂದು ಬೇಯಿಸಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಗದ್ದೆಯ ತುಂಬ ಬೀರುತ್ತಾರೆ. ಆ ಅಡುಗೆ, ಆ ಪೂಜೆಯ ಸಾಮಾನು ಹೊತ್ತು ಹೋಗುವುದು ಈ ಬುಟ್ಟಿಯಲ್ಲಿ. ದೊಡ್ಡದೊಂದು, ಚಿಕ್ಕದೊಂದು. ಮೇದರು ಹೆಣೆದ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿ, ಮಹಾನವಮಿ ಕಳೆದ ಮೇಲೆ ಮನೆಯ ಹೆಂಗಸರು ಅದರ ಮೈತುಂಬ ಬಿಳಿ ಎಳೆಯಲ್ಲಿ ಚಿತ್ತಾರ ಬರೆಯುತ್ತಾರೆ. ಹಬ್ಬ ಮುಗಿದರೆ ಬುಟ್ಟಿ ಅಟ್ಟಕ್ಕೆ. ಮುಂದಿನ ವರ್ಷ ಅದನ್ನೇ ಇಳಿಸಿ, ಮತ್ತೆ ಸಾರಿಸಿ, ಮತ್ತೆ ಬರೆಯುತ್ತಾರೆ.

ನಾನು ತಂದದ್ದು ದೊಡ್ಡ ಬುಟ್ಟಿ. ಅಜ್ಜಿ ಬರೆದ ಬುಟ್ಟಿ ಎಂದೇ ಅದರ ಮೇಲೆ ನನಗೆ ಮೋಹ. ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತಿತ್ತು. ಅಂಚಿನ ಬಿಳಿ ಎಳೆಗಳು ಅಲ್ಲಲ್ಲಿ ಉದುರಿದ್ದವು. ಇಷ್ಟು ಚೆಂದದ ಕೆಲಸ ಹೀಗೆ ಪುಡಿಯಾಗಿ ಹೋಗಬಾರದು, ಇದು ಹೀಗೇ ಉಳಿಯಬೇಕು ಎಂದು ಹಾರ್ಡ್‌ವೇರ್ ಅಂಗಡಿಯಿಂದ ವಾರ್ನಿಷ್ ತಂದು ಒಳಗೂ ಹೊರಗೂ ದಪ್ಪಗೆ ಬಳಿದೆ. ಕೆಮ್ಮಣ್ಣು ಗಾಢವಾಗಿ ಹೊಳೆಯಿತು. ಬಿಳಿ ಎಳೆ ಸ್ವಲ್ಪ ಹಳದಿಗೆ ತಿರುಗಿತು, ಅದೂ ಹಳೆಯದರಂತೆ ಕಂಡು ಚೆನ್ನಾಗಿಯೇ ಇದೆ ಅನ್ನಿಸಿತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಬುಟ್ಟಿಯ ತಳಕ್ಕೆ ತೂತು ಕೊರೆಸಿ, ಹೋಲ್ಡರ್ ಕೂರಿಸಿ, ಊಟದ ಮೇಜಿನ ಮೇಲೆ ಬೋರಲಾಗಿ ತೂಗುಹಾಕಿಸಿದೆ. ಬಲ್ಬು ಹೊತ್ತಿದಾಗ ಬೆಳಕು ಕೆಳಗಿನ ಮೇಜಿನ ಮೇಲೆ ದುಂಡಗೆ ಬೀಳುತ್ತಿತ್ತು. ಬಂದವರು ಫೋಟೋ ತೆಗೆದುಕೊಂಡರು. ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಎಲ್ಲೂ ಸಿಗುವುದಿಲ್ಲ, ನಮ್ಮಜ್ಜಿ ಬರೆದದ್ದು ಎಂದು ಹೇಳಿ ಹೆಮ್ಮೆಪಟ್ಟೆ.

ಆ ಹೆಮ್ಮೆಯ ಬಲದಲ್ಲೇ ಗೋಡೆಗೆ ಕೈ ಹಾಕಿದೆ. ನಡುಮನೆಯ ದೊಡ್ಡ ಗೋಡೆ ಬಿಳಿಯ ಎಮಲ್ಶನ್ ಬಳಿಸಿಕೊಂಡು ನುಣ್ಣಗೆ ನಿಂತಿತ್ತು. ಊರಿನಿಂದ ತರಿಸಿದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಆ ನುಣುಪಿನ ಮೇಲೆ ಬಳಿದೆ. ಅಂಗೈ ಒತ್ತಿ ನೋಡಬೇಕೆಂಬುದು ನೆನಪಿಗೇ ಬರಲಿಲ್ಲ. ಒದ್ದೆಯಿದ್ದಾಗ ಗೋಡೆ ನೋಡಲು ಹಬ್ಬವಾಗಿತ್ತು. ಅಕ್ಕಿ ಅರೆದು ತೇರು ಬರೆದೆ, ಜೋಗಿ ಜಡೆ ಎಂಬ ವಿನ್ಯಾಸ ಬರೆಯಲು ಹೋಗಿ ಸೋತು ಬರೀ ಎಳೆ ಎಳೆದೆ. ಬೆಳಿಗ್ಗೆ ಎದ್ದು ನೋಡಿದರೆ ತೇರಿನ ಮೇಲೆ ಕೂದಲೆಳೆಯಂಥ ಬಿರುಕು. ಎರಡು ದಿನ ಕಳೆಯುವಷ್ಟರಲ್ಲಿ ಬಿರುಕುಗಳೆಲ್ಲ ಕೂಡಿಕೊಂಡು, ಬೇಸಿಗೆಯ ಕೆರೆಯಂಗಳದ ಹಾಗೆ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಅಂಚೆತ್ತಿ ನಿಂತಿತು. ಬೆರಳಲ್ಲಿ ತಟ್ಟಿದರೆ ಸಾಕು, ತೇರಿನ ಗಾಲಿ ಕೆಳಗೆ ಬಿದ್ದು ಪುಡಿಯಾಯಿತು. ಹಿಂದಿನ ಬಿಳಿ ಗೋಡೆಯ ಮೇಲೆ ಒಂದು ಕಲೆಯೂ ಉಳಿದಿರಲಿಲ್ಲ. ಅಲ್ಲಿ ಯಾರೂ ಏನೂ ಬಳಿದೇ ಇಲ್ಲ ಎಂಬಂತೆ.

ನಾನು ಮಣ್ಣನ್ನೇ ದೂರಿದೆ. ಅಂಟು ಸಾಲದು ಎಂದುಕೊಂಡು ಮುಂದಿನ ಸಲ ಕೆಮ್ಮಣ್ಣಿಗೆ ಫೆವಿಕಾಲ್ ಕಲಸಿ ಬಳಿದೆ. ಈ ಸಲ ಮಣ್ಣು ಬಿರಿಯಲಿಲ್ಲ. ಒಂದು ಮಳೆಗಾಲ ಹಾಗೇ ನಿಂತಿತು. ಆಮೇಲೆ ಒಂದು ಮೂಲೆಯಿಂದ ಚಾಪೆ ಸುರುಳಿ ಸುತ್ತಿದಂತೆ ಎದ್ದು, ಕೆಳಗಿನ ಎಮಲ್ಶನ್ನನ್ನೂ ಅದರಡಿಯ ಪುಟ್ಟಿಯನ್ನೂ ಕಿತ್ತುಕೊಂಡೇ ಬಂತು. ಅಕ್ಕಿಯ ಬಿಳಿ ಇದ್ದಲ್ಲೆಲ್ಲ ಜಿರಲೆ ಕೆರೆದು ತಿಂದ ಗುರುತು. ಗೋಡೆಯ ರಿಪೇರಿಗೆ ಪೇಂಟರ್ ಕೇಳಿದ ಹಣದಲ್ಲಿ ನಡುಮನೆಗೆ ಒಂದು ಒಳ್ಳೆಯ ನವಲಗುಂದದ ಜಮಖಾನ ಬರುತ್ತಿತ್ತು.

ಏನಾಯಿತೆಂಬುದು ಈಗ ಗೊತ್ತು. ಮಣ್ಣಿನ ಗೋಡೆಗೆ ಮಣ್ಣು ಬಳಿದಾಗ, ಗೋಡೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನ ಜೊತೆ ನುಣುಪು ಜೇಡಿಯೂ ಗೋಡೆಯ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಬೇರು ಬಿಡುತ್ತದೆ. ಎಮಲ್ಶನ್ ಎಂಬುದು ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ತೆಳು ಪೊರೆ. ಅದು ನೀರು ಕುಡಿಯುವುದಿಲ್ಲ. ಒಣಗುವಾಗ ಜೇಡಿಮಣ್ಣು ಕುಗ್ಗಲೇಬೇಕು, ಹಿಡಿದುಕೊಳ್ಳಲು ಏನೂ ಇಲ್ಲದಾಗ ಬಿರಿದು ಕಳಚಿಕೊಳ್ಳುತ್ತದೆ. ಅಂಟು ಬೆರೆಸಿದಾಗ ಮಣ್ಣು ಗಟ್ಟಿಯಾಯಿತು, ಆದರೆ ಹಿಡಿದದ್ದು ಗೋಡೆಯನ್ನಲ್ಲ, ಬಣ್ಣದ ಪೊರೆಯನ್ನು. ಆ ಪೊರೆ ಗೋಡೆಯನ್ನು ಬಿಟ್ಟಾಗ ಎಲ್ಲವೂ ಒಟ್ಟಿಗೇ ಬಂತು. ಅತ್ತೆಯ ಅಂಗೈ ಇಷ್ಟನ್ನೂ ಒಂದು ಗಳಿಗೆಯಲ್ಲಿ ಪರೀಕ್ಷೆ ಮಾಡುತ್ತಿತ್ತು.

ಗೋಡೆಯ ಕತೆ ನನ್ನ ದುಡ್ಡಿಗೆ ಮುಗಿಯಿತು. ಬುಟ್ಟಿಯದು ಹಾಗೆ ಮುಗಿಯಲಿಲ್ಲ.

ನವರಾತ್ರಿಯಲ್ಲಿ ಅಮ್ಮ ಫೋನ್ ಮಾಡಿದಳು. “ಅಟ್ಟವೆಲ್ಲ ಹುಡುಕಿ ಆತು, ದೊಡ್ಡ ಬುಟ್ಟಿ ಕಾಣ್ತಾ ಇಲ್ಲ. ನೀನೇನಾದ್ರೂ ಕಂಡ್ಯೇನೇ?”

ನನ್ನ ಹತ್ತಿರ ಇದೆ ಎಂದೆ.

“ನಿನ್ನ ಹತ್ರ ಯಾಕೆ? ಇರ್ಲಿ, ಹಬ್ಬಕ್ಕೆ ಬರುವಾಗ ತಾ. ಸಾರಿಸಬೇಕು.”

ತಂದೆ. ತೂತಿಗೆ ಒಳಗಿನಿಂದ ರಟ್ಟು ಅಂಟಿಸಿ, ಹೋಲ್ಡರ್ ಬಿಚ್ಚಿ ತಂದೆ. ಅಮ್ಮ ಜಗಲಿಯಲ್ಲಿ ಕೂತು ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಗುರಿನಿಂದ ಕೆರೆದಳು. ಬೈಯಲಿಲ್ಲ. ಸಗಣಿ ಕಲಸಿ ಮೊದಲ ಕೈ ಸಾರಿಸಿದಳು. ವಾರ್ನಿಷಿನ ಮೇಲೆ ಸಗಣಿನೀರು ಹನಿ ಹನಿಯಾಗಿ ಒಡೆದು, ಜಾರಿ, ಬುಟ್ಟಿಯ ಹೊಟ್ಟೆಯಗುಂಟ ಇಳಿದು ಅವಳ ಮಡಿಲಿಗೆ ಬಿತ್ತು. ತೆಂಗಿನ ನಾರಿನಿಂದ ತಿಕ್ಕಿದಳು. ಅಪ್ಪ ಎಲ್ಲಿಂದಲೋ ಉಪ್ಪುಕಾಗದ ತಂದುಕೊಟ್ಟರು. ಅದರಲ್ಲಿ ಉಜ್ಜಿದರೆ ವಾರ್ನಿಷಿನ ಜೊತೆ ಒಳಗಿನ ಪದರಗಳೂ ಎದ್ದುಬಂದು ಬಿದಿರು ಕಾಣತೊಡಗಿತು. ನಾನು ತಡೆಯಲಾರದೆ ಹೇಳಿದೆ: “ಬೇಡಮ್ಮ, ಅಜ್ಜಿ ಬರೆದದ್ದು ಹೋಗುತ್ತೆ.”

ಅಮ್ಮ ಉಜ್ಜುವುದನ್ನು ನಿಲ್ಲಿಸಿದಳು. “ಅಜ್ಜಿ ಬರ್ದಿದ್ದು ಇದ್ರಲ್ಲಿ ಎಲ್ಲೈತೆ? ವರ್ಷ ವರ್ಷ ಮೇಲಿಂದ ಮೆತ್ತಿದೀವಲ್ಲ. ಇದು ಹೋದ ವರ್ಷ ನಾನು ಬರ್ದಿದ್ದು. ನೋಡಿದ್ರೆ ಗೊತ್ತಾಗಲ್ವಾ ನಿಂಗೆ?”

ಗೊತ್ತಾಗಿರಲಿಲ್ಲ. ಅಷ್ಟು ಜನರಿಗೆ ಅಜ್ಜಿಯದೆಂದು ತೋರಿಸಿ ಹೆಮ್ಮೆಪಟ್ಟದ್ದು ನನ್ನ ಅಮ್ಮನ ಕೈಬರಹವನ್ನು. ಒಂದೇ ಮನೆಯಲ್ಲಿ ಬೆಳೆದು, ಅವಳು ಬರೆಯುವಾಗ ಪಕ್ಕದಲ್ಲೇ ಓದುತ್ತಾ ಕೂತಿದ್ದವಳಿಗೆ ಅವಳ ಎಳೆ ಯಾವುದು ಎಂದು ಗುರುತು ಹಿಡಿಯಲಾಗಲಿಲ್ಲ. ಕೆಟ್ಟ ಗೋಡೆ, ಕೊರೆದ ಬುಟ್ಟಿ ಇವೆರಡಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು. ಈಗಲೂ ನೋಯಿಸುತ್ತದೆ.

ಅಪ್ಪ ಸಾಗರದ ಪೇಟೆಗೆ ಹೋಗಿ ಮೇದರ ಹತ್ತಿರ ಹೊಸ ಬುಟ್ಟಿ ತಂದರು. ಹೊಸ ಬುಟ್ಟಿಗೆ ಸಗಣಿ ಚೆನ್ನಾಗಿ ಹಿಡಿಯಬೇಕಾದರೆ ಮೇಲಿಂದ ಮೇಲೆ ಸಾರಿಸಬೇಕು, ಪ್ರತಿ ಸಲವೂ ಒಣಗಬೇಕು. ಹಬ್ಬಕ್ಕೆ ಅಷ್ಟು ದಿನವಿರಲಿಲ್ಲ. ಆ ವರ್ಷದ ಚಿತ್ತಾರ ಅರ್ಧಂಬರ್ಧ ಒಣಗಿದ ಮಣ್ಣಿನ ಮೇಲೆಯೇ ಆಯಿತು. ಎಳೆಗಳು ಹಿಗ್ಗಿಕೊಂಡವು. ಅತ್ತೆ ಬಂದು ನೋಡಿ, “ಬೆಳಕು ಹರಿಯೋದ್ರೊಳಗೆ ಗದ್ದೆಗೆ ಹೋದ್ರೆ ಯಾರಿಗೂ ಕಾಣಲ್ಲ ಬಿಡು” ಎಂದು ಅಮ್ಮನಿಗೆ ಸಮಾಧಾನ ಹೇಳಿದಳು. ಆ ಸಮಾಧಾನಕ್ಕೆ ಅಮ್ಮನ ಮುಖ ಗೆಲುವಾಗಲಿಲ್ಲ.

ನಾನು ತಪ್ಪಿದ್ದು ಎಲ್ಲಿ ಎಂದು ಆ ಹಬ್ಬದ ಊಟದಲ್ಲಿ, ಗದ್ದೆಯ ಅಂಚಿನಲ್ಲಿ ಕೂತು ಯೋಚಿಸಿದ್ದೇನೆ. ವಾರ್ನಿಷ್ ಬಳಿದದ್ದೊಂದೇ ಅಲ್ಲ. ಚಿತ್ತಾರ ಉದುರುತ್ತದೆ ಎಂಬುದನ್ನು ನಾನು ಅದರ ದೋಷವೆಂದು ಎಣಿಸಿದ್ದೆ. ಉದುರುವುದರಿಂದಲೇ ಅದನ್ನು ಮತ್ತೆ ಬರೆಯಬೇಕಾಗುತ್ತದೆ, ಮತ್ತೆ ಬರೆಯುವುದರಿಂದಲೇ ಅಜ್ಜಿಯ ಕೈಯ ಎಳೆ ಅಮ್ಮನ ಕೈಗೆ ಇಳಿದದ್ದು. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟು, ಪೇಂಟು ಬಂದ ಮೇಲೆ ಊರಿನಲ್ಲಿ ಹಸೆ ಗೋಡೆ ಬರೆಯಲು ಕರೆಯುವ ಮನೆಗಳು ಕಡಿಮೆಯಾದವು. ಈಗ ಮದುವೆ ಕಲ್ಯಾಣಮಂಟಪದಲ್ಲಿ, ಚಿತ್ತಾರ ಬರೆದ ಹಾಳೆಯೊಂದನ್ನು ತಂದು ತೂಗುಹಾಕಿದರೆ ಆಯಿತು. ಕರೆಯುವವರಿಲ್ಲದಿದ್ದರೆ ಕೈ ಮರೆಯುತ್ತದೆ. ಊರಿನ ಕಲೆಯನ್ನು ಉಳಿಸುತ್ತೇನೆಂದು ಹೊರಟ ನಾನು, ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಬರವಣಿಗೆಗೇ ಅಡ್ಡ ನಿಂತಿದ್ದೆ.

ಇದನ್ನು ತಿಳಿದುಕೊಂಡ ಮೇಲೂ ಇನ್ನೊಂದನ್ನು ಕೆಡಿಸಿದೆ, ಅದು ತದ್ವಿರುದ್ಧ ದಿಕ್ಕಿನಲ್ಲಿ. ನಮ್ಮವರಿಗೆ ಉಡುಗೊರೆ ಬಂದ ಒಂದು ಬಿದರಿ ಹೂದಾನಿ ಇತ್ತು. ಹಿತ್ತಾಳೆ ಕೊಡಪಾನವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗುವ ದಿನ ಅದನ್ನೂ ತಿಕ್ಕಿದೆ. ಬಿದರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದರ ಮೈಯಲ್ಲಿ ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಲೇಪಿಸಿದಾಗ ಆ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಮೈಯಲ್ಲಿರುವಂಥದ್ದು. ಹುಳಿ ತಾಗಿ ನನ್ನ ಹೂದಾನಿಯ ಕಪ್ಪು ಬೂದಿಬಣ್ಣಕ್ಕೆ ತಿರುಗಿತು, ಬೆಳ್ಳಿಯ ಬಳ್ಳಿ ಅದರಲ್ಲಿ ಮಸುಕಾಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳು ಈ ಕಸುಬಿನ ಬಗ್ಗೆ ಬರೆದವು. ಓದುತ್ತಾ ನಾನು ಉಜ್ಜಿ ತೆಗೆದದ್ದು ಏನನ್ನು ಎಂದು ಅರಿವಾಯಿತು. ಬಿದರಿಗೆ ಬೇಕಾದದ್ದು ಮೆತ್ತನೆಯ ಬಟ್ಟೆ, ಒಂದೆರಡು ಹನಿ ಕೊಬ್ಬರಿ ಎಣ್ಣೆ. ಹಿತ್ತಾಳೆಗೆ ಹುಣಸೆಹಣ್ಣು ಬೇಕು. ಚನ್ನಪಟ್ಟಣದ ಗೊಂಬೆಯ ಬಣ್ಣ ಅರಗಿನದು, ಹಾಗಾಗಿ ಕಿಟಕಿಯ ಬಿಸಿಲಲ್ಲಿ ಇಡಬಾರದು. ಭೂಮಣ್ಣಿ ಬುಟ್ಟಿಗೆ ವರ್ಷಕ್ಕೊಮ್ಮೆ ಸಗಣಿ ಬೇಕು. ಊರಿನ ಕಲೆ ಎಂದು ಎಲ್ಲವನ್ನೂ ಒಂದೇ ಶೋಕೇಸಿನಲ್ಲಿ ಕೂಡಿಹಾಕಿದವಳಿಗೆ ಇವು ಒಂದೊಂದಾಗಿ, ಒಂದೊಂದು ವಸ್ತು ಕೆಟ್ಟ ಮೇಲೆ ತಿಳಿದವು.

ಅತ್ತೆ ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿಗೆ ಬಂದಾಗ ನಾನು ಕೆಡಿಸಿದ ನಡುಮನೆಯ ಗೋಡೆಯ ವಿಷಯ ಎತ್ತಿದೆ. ಅವಳು ಎದ್ದು ಹೋಗಿ ಅಂಗೈ ಒದ್ದೆ ಮಾಡಿಕೊಂಡು ಒತ್ತಿದಳು. ನೀರು ಕೆಳಕ್ಕೆ ಹರಿಯಿತು. “ಮರಳು ಕಾಣೋವರೆಗೂ ಕೆರೆಸು” ಅಂದಳು. ಇಡೀ ಗೋಡೆ ಬೇಡ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ ಸಾಕು ಎಂದು ಅವಳೇ ಗುರುತು ಹಾಕಿದಳು. ಪೇಂಟು, ಪುಟ್ಟಿ ಎರಡನ್ನೂ ಕೆರೆಸಿ ಸಿಮೆಂಟಿನ ಗಾರೆ ಬರುವ ತನಕ ಹೋದೆವು. ಈಗ ಅಂಗೈ ಗುರುತು ಇಂಗಿತು, ಆದರೆ ನಿಧಾನವಾಗಿ. ಅತ್ತೆಗೆ ಅದು ಅಷ್ಟೇನೂ ಒಪ್ಪಿಗೆಯಾಗಲಿಲ್ಲ. ತೆಳ್ಳಗೆ ಸಗಣಿ ಸಾರಿಸಿ, ಒಣಗಿಸಿ, ಮತ್ತೆ ಸಾರಿಸಿ, ಆಮೇಲೆ ಕೆಮ್ಮಣ್ಣನ್ನು ನೀರುನೀರಾಗಿ ಬಳಿದಳು. ನಾನು ದಪ್ಪಗೆ ಬಳಿದಿದ್ದೆ, ಅದೂ ಒಂದು ತಪ್ಪು. ದಪ್ಪವಾದಷ್ಟೂ ಮಣ್ಣು ಹೆಚ್ಚು ಬಿರಿಯುತ್ತದೆ.

ಬರೆಯುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಅಂಚನ್ನು ಅವಳಿಗೆ ಬಿಟ್ಟಳು. ಅಂಚಿನ ಎಳೆಗಳು ಸೊಟ್ಟಗಿವೆ. ಅತ್ತೆ ಅವನ್ನು ತಿದ್ದಲಿಲ್ಲ, ಬರುವ ವರ್ಷ ಅಲ್ಲೇ ಮತ್ತೆ ಬರೆಸುತ್ತೇನೆ ಎಂದಳು. ನಾನೂ ಒಂದು ಕುಂಚ ತೆಗೆದುಕೊಂಡೆ. ನನ್ನ ವಯಸ್ಸಿಗೆ ಕೈ ನಡುಗದೆ ಎಳೆ ಎಳೆಯುವುದು ಕಷ್ಟ, ಆದರೂ ಅಮ್ಮನ ಎಳೆ ಯಾವುದು, ಅತ್ತೆಯದು ಯಾವುದು ಎಂಬುದು ಈಗ ಕಣ್ಣಿಗೆ ತಿಳಿಯುತ್ತದೆ. ಅಮ್ಮ ಎಳೆ ಮುಗಿಸುವಲ್ಲಿ ಕುಂಚವನ್ನು ತುಸು ಒತ್ತುತ್ತಾಳೆ, ತುದಿ ದಪ್ಪಗಾಗುತ್ತದೆ. ಅತ್ತೆ ಎತ್ತುತ್ತಾಳೆ.

ಗೋಡೆ ಕೆರೆಸುವುದು ಎಲ್ಲರಿಗೂ ಸಾಧ್ಯವಿಲ್ಲ, ಬಾಡಿಗೆ ಮನೆಯವರಿಗಂತೂ ಆಗದ ಮಾತು. ನನ್ನ ಗೆಳತಿಯರು ಕೇಳಿದರೆ ಸಾಗರದ ಕಡೆ ಹೋಗಿಬನ್ನಿ ಎನ್ನುತ್ತೇನೆ. ಸಿರಿವಂತೆಯಂಥ ಊರುಗಳಲ್ಲಿ ಚಿತ್ತಾರವನ್ನೇ ಕಸುಬು ಮಾಡಿಕೊಂಡವರಿದ್ದಾರೆ, ಕೈಕಾಗದದ ಮೇಲೂ ಬಟ್ಟೆಯ ಮೇಲೂ ಬರೆದುಕೊಡುತ್ತಾರೆ. ಅದಕ್ಕೆ ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇಡಿಸಿ, ಬಚ್ಚಲುಮನೆಯ ತೇವ ಬರುವ ಗೋಡೆಗೆ ತೂಗುಹಾಕಬೇಡಿ. ಸೋಫಾದ ಬಣ್ಣಕ್ಕೆ ಹೊಂದುವ ಹಾಗೆ ನೀಲಿಯಲ್ಲಿ ಬರೆದುಕೊಡಿ ಎಂದು ಕೇಳಬೇಡಿ. ಚೌಕಾಸಿಯನ್ನೂ ಮಾಡಬೇಡಿ. ಒಂದು ಚೌಕದೊಳಗಿನ ಎಳೆಗಳನ್ನು ಎಣಿಸಲು ಕೂತರೆ ಅವರು ಹೇಳುವ ಬೆಲೆ ಕಡಿಮೆಯಾಯಿತು ಎಂದೇ ಅನ್ನಿಸುತ್ತದೆ.

ಊಟದ ಮೇಜಿನ ಮೇಲೆ ಈಗ ಅಂಗಡಿಯಲ್ಲಿ ಕೊಂಡ ಸಾದಾ ದೀಪವಿದೆ. ಹೊಸ ದೊಡ್ಡ ಬುಟ್ಟಿ ಊರಿನ ಅಟ್ಟದಲ್ಲಿದೆ, ವರ್ಷವೂ ತನ್ನ ಹಬ್ಬಕ್ಕೆ ಇಳಿದು ಸಾರಿಸಿಕೊಳ್ಳುತ್ತದೆ. ಮಗಳಿಗೆಂದು ಚಿಕ್ಕದೊಂದನ್ನು ಬೆಂಗಳೂರಿಗೆ ತಂದಿದ್ದೇವೆ, ಅದಕ್ಕೆ ಅವಳೇ ಬರೆಯಬೇಕು. ಹೋದ ವಾರ ಅಡುಗೆಮನೆ ಪಕ್ಕದ ಚೌಕದಲ್ಲಿ ಒಂದು ಮೂಲೆ ಪುಡಿಯಾಗಿ ಉದುರಿತು. ಅಮ್ಮನಿಗೆ ಫೋನ್ ಮಾಡಿ, ದೀಪಾವಳಿಯ ಮುಂಚೆ ಪೂರ್ತಿ ಒರೆಸಿ ಹೊಸದಾಗಿ ಬರೆಯುತ್ತೇವೆ, ಇಲ್ಲಿ ಕೆಮ್ಮಣ್ಣು ಇದೆ, ಪುಂಡಿ ನಾರೂ ಇದೆ, ಹಳದಿ ಮಾತ್ರ ಇಲ್ಲ ಎಂದೆ. ಗುರಿಗೆ ಕಾಯಿ ಸಿಕ್ಕಿದ ಕೂಡಲೇ ಸಾಗರದ ಬಸ್ಸಿನಲ್ಲಿ ಕಳಿಸುತ್ತೇನೆ, ಹಳದಿ ಇಲ್ಲದೆ ಶುರುಮಾಡಬೇಡಿ ಎಂದಿದ್ದಾಳೆ.